ನಡುಮನೆಯಲ್ಲಿ ಮೊದಲ ಆಲ್ಬಂ: ಮಲೆನಾಡಿನ ಚೇಂಬರ್ ತಂಡಗಳಿಗೆ ಧ್ವನಿಮುದ್ರಣದ ಕೈಪಿಡಿ

ಚೇಂಬರ್ ಸಂಗೀತವೆಂದರೆ ಮೂಲದಲ್ಲಿ ಕೋಣೆಯ ಸಂಗೀತ. ಹತ್ತಿಪ್ಪತ್ತು ಜನ ಕುಳಿತು ಕೇಳಬಹುದಾದ ಮನೆಯ ಕೋಣೆಗೆಂದು ಯುರೋಪಿನಲ್ಲಿ ರೂಪುಗೊಂಡ ಈ ಪ್ರಕಾರದಲ್ಲಿ ಒಂದೊಂದು ಸ್ವರಸಾಲನ್ನು ಒಬ್ಬೊಬ್ಬರೇ ನುಡಿಸುತ್ತಾರೆ; ಎದುರಿಗೆ ನಿಂತು ಕೈಯಾಡಿಸುವ ನಿರ್ದೇಶಕನಿರುವುದಿಲ್ಲ; ಪಕ್ಕದವರ ಉಸಿರು, ಕಮಾನಿನ ಚಲನೆ, ಕಣ್ಸನ್ನೆಗಳೇ ಮೇಳವನ್ನು ಒಟ್ಟಿಗೆ ಹಿಡಿದಿರುತ್ತವೆ. 1973ರಲ್ಲಿ ಅಮೆರಿಕದಲ್ಲಿ ಆರಂಭವಾದ ಕ್ರೋನೋಸ್ ಕ್ವಾರ್ಟೆಟ್, 1976ರಲ್ಲಿ ಮೊದಲ ಆಲ್ಬಂ ತಂದ ಇಂಗ್ಲೆಂಡಿನ ಪೆಂಗ್ವಿನ್ ಕೆಫೆ ಆರ್ಕೆಸ್ಟ್ರಾದಂಥ ತಂಡಗಳು ಈ ಪುಟ್ಟ ಮೇಳಕ್ಕೆ ಜಾನಪದವನ್ನೂ ಬೇರೆ ದೇಶಗಳ ಲಯಗಳನ್ನೂ ಬೆರೆಸಿದ ಮೇಲೆ, ಇಂದು ಆಲ್ಟರ್ನೇಟಿವ್ ಚೇಂಬರ್ ಎಂದು ಕರೆಯುವ ದಾರಿ ಅಗಲವಾಯಿತು. ಪಿಟೀಲು, ಅದೇ ಬಳಗದ ದೊಡ್ಡ, ತಗ್ಗುದನಿಯ ವಾದ್ಯವಾದ ಚೆಲ್ಲೊ, ಹಾರ್ಮೋನಿಯಂ, ಮೃದಂಗಗಳನ್ನು ಕೂಡಿಸಿಕೊಂಡ ನಮ್ಮ ನಾಲ್ವರ ತಂಡ ತೀರ್ಥಹಳ್ಳಿ ಕಡೆಯ ಒಂದು ಹಳೆಯ ಮನೆಯಲ್ಲಿ ಮೊದಲ ಆಲ್ಬಂ ಮುದ್ರಿಸುವಾಗ ಕಲಿತದ್ದನ್ನು, ಅಂಥದೇ ಕೆಲಸಕ್ಕೆ ಇಳಿಯುವವರ ಉಪಯೋಗಕ್ಕೆಂದು ಇಲ್ಲಿ ಬರೆದಿದ್ದೇನೆ.

ನಮ್ಮ ಮೊದಲ ಪ್ರಯತ್ನ ಆ ಮನೆಯಲ್ಲಿ ನಡೆದದ್ದಲ್ಲ. ಪೇಟೆಯ ಒಂದು ಸ್ಟುಡಿಯೋದಲ್ಲಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಯಂತ್ರದ ಟಿಕ್ ಟಿಕ್ ಸದ್ದಿಗೆ ಸರಿಯಾಗಿ ನುಡಿಸಲು ಹೇಳಿದರು. ಎರಡು ದಿನದ ಬಾಡಿಗೆ ಕಟ್ಟಿ, ಮನೆಗೆ ತಂದು ಕೇಳಿದರೆ ಶ್ರುತಿ ಸರಿಯಾಗಿತ್ತು, ತಾಳ ಸರಿಯಾಗಿತ್ತು, ಸಂಗೀತ ಮಾತ್ರ ಇರಲಿಲ್ಲ. ಚೆಲ್ಲೊ ನುಡಿಸುವಾತ ಒಂದು ಮುಕ್ತಾಯದ ಮುನ್ನ ಅರೆಕ್ಷಣ ತಡೆದರೆ ಉಳಿದ ಮೂವರೂ ತಮಗರಿವಿಲ್ಲದೆ ತಡೆಯುತ್ತೇವೆ. ಆ ತಡೆ ಟಿಕ್ ಟಿಕ್‌ಗೆ ಗೊತ್ತಿಲ್ಲ. ಸಿನಿಮಾ ಹಾಡಿಗೂ ಭಾವಗೀತೆಗೂ ಒಗ್ಗುವ ಪದ್ಧತಿ ಅದು, ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಬಗೆಯ ಸಂಗೀತಕ್ಕೆ ನಾನು ಹೇಳುವುದು ಒಂದೇ: ಎಲ್ಲರೂ ಒಂದೇ ಕೋಣೆಯಲ್ಲಿ, ಒಬ್ಬರಿಗೊಬ್ಬರು ಕಾಣುವಂತೆ ಕುಳಿತು, ಒಟ್ಟಿಗೆ ನುಡಿಸಿ ಮುದ್ರಿಸಿ. ಹಾಗೆ ಮಾಡುವುದೆಂದರೆ ಕೋಣೆಯೇ ಐದನೆಯ ವಾದ್ಯವಾಗುತ್ತದೆ, ಆದ್ದರಿಂದ ಖರ್ಚಿನ ಯೋಚನೆಗಿಂತ ಮೊದಲು ಕೋಣೆಯ ಯೋಚನೆ ಮಾಡಬೇಕು. ಕೋಣೆಗಿಂತಲೂ ಮೊದಲು, ನಮ್ಮ ಕಡೆ, ಕಾಲದ ಯೋಚನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಆಗುಂಬೆಯ ಮಾತು ಹಾಗಿರಲಿ, ಶಿವಮೊಗ್ಗ ಪೇಟೆಯಲ್ಲೇ ಹೆಂಚಿನ ಮನೆಯೊಳಗೆ ಮಳೆಯ ಸದ್ದು ಪಿಟೀಲಿನ ಮೆಲುದನಿಯನ್ನು ನುಂಗಿಹಾಕುತ್ತದೆ. ಮಳೆ ನಿಂತ ಮೇಲೂ ಸೂರಿನ ಹನಿ ಅರ್ಧ ಗಂಟೆ ತೊಟ್ಟಿಕ್ಕುತ್ತಲೇ ಇರುತ್ತದೆ. ಮಳೆಗಾಲ ಕಳೆಯಿತೆನ್ನುವಷ್ಟರಲ್ಲಿ ಅಡಿಕೆ ಕೊಯ್ಲು ಬರುತ್ತದೆ, ಸುಲಿಯುವ ಯಂತ್ರದ ಗುಡುಗು ಪಕ್ಕದ ಮನೆಯಿಂದಲೂ ಬಿಡದೆ ಕೇಳುತ್ತದೆ, ಮೇಲಾಗಿ ಆ ತಿಂಗಳುಗಳಲ್ಲಿ ಯಾರ ಮನೆಯಲ್ಲೂ ನಡುಮನೆ ಖಾಲಿ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮದುವೆ ಮತ್ತು ಜಾತ್ರೆಗಳ ಧ್ವನಿವರ್ಧಕದ ಜೊತೆಗೆ ಸಂಜೆಯಾಗುತ್ತಲೇ ಜೀರುಂಡೆ ಶುರುವಾಗುತ್ತದೆ. ಜೀರುಂಡೆಯ ಸದ್ದು ಕೆಲವು ಸಾವಿರ ಹರ್ಟ್ಸ್‌ಗಳ ಎತ್ತರದಲ್ಲಿ, ಅಂದರೆ ಪಿಟೀಲಿನ ಹೊಳಪು ಇರುವ ಜಾಗದಲ್ಲೇ ಕೂತಿರುವುದರಿಂದ, ಅದನ್ನು ಫಿಲ್ಟರ್ ಹಾಕಿ ತೆಗೆಯಲು ಹೊರಟರೆ ಪಿಟೀಲು ಕಂಬಳಿ ಹೊದ್ದಂತಾಗುತ್ತದೆ. ಇಷ್ಟನ್ನು ಕಳೆದರೆ ಉಳಿಯುವುದು ಫೆಬ್ರವರಿ ಮತ್ತು ಮಾರ್ಚ್‌ನ ಮೊದಲ ಪಾಲು, ಅದರಲ್ಲೂ ರಾತ್ರಿ ಹತ್ತರಿಂದ ಎರಡರವರೆಗಿನ ಹೊತ್ತು. ಆ ರಾತ್ರಿ ಸುತ್ತಮುತ್ತ ಬಯಲಾಟ ಇಲ್ಲವೆಂದು ಮೊದಲೇ ವಿಚಾರಿಸಿಕೊಳ್ಳಿ. ಚಂಡೆಯ ಸದ್ದು ಎರಡು ಗುಡ್ಡ ದಾಟಿ ಬರುತ್ತದೆ, ಮತ್ತು ಬೆಳಗಿನವರೆಗೆ ನಿಲ್ಲುವುದಿಲ್ಲ.

ಕೋಣೆ ಆರಿಸುವಾಗ ಬರಿಗೈಯೇ ಮೊದಲ ಉಪಕರಣ. ಕೋಣೆಯ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ, ಸುಮ್ಮನೆ ಕೇಳಿ. ಆಮೇಲೆ ಎರಡು ಹೆಜ್ಜೆ ಸರಿದು ಮತ್ತೆ ತಟ್ಟಿ. ಸದ್ದು ಮೃದುವಾಗಿ ಕರಗಿದರೆ ಒಳ್ಳೆಯದು. 'ಟರ್ರ್' ಎಂದು ನಡುಗಿದರೆ ಎದುರುಬದುರಾದ ಎರಡು ಬೋಳು ಗೋಡೆಗಳ ನಡುವೆ ಅದು ಚೆಂಡಿನಂತೆ ಪುಟಿಯುತ್ತಿದೆ ಎಂದರ್ಥ. ನಾವು ಜಗುಲಿಯಿಂದ ಮಾಳಿಗೆಯವರೆಗೆ ಹೀಗೆ ತಟ್ಟುತ್ತ ತಿರುಗುತ್ತಿದ್ದಾಗ ಆ ಮನೆಯ ದೊಡ್ಡಮ್ಮ ಅಡುಗೆಮನೆಯಿಂದ ಇಣುಕಿ, "ಇದೇನ್ರೋ ಮಾರಾಯ್ರಾ, ಬಾರಿಸೋಕೆ ಮುಂಚೆನೇ ನೀವೇ ಚಪ್ಪಾಳೆ ತಟ್ಕೊಳ್ತಿದೀರಲ್ಲ" ಎಂದದ್ದು ಇವತ್ತಿಗೂ ನಮ್ಮ ತಂಡದಲ್ಲಿ ಗಾದೆಯ ಹಾಗೆ ಚಾಲ್ತಿಯಲ್ಲಿದೆ.

ಹಳೆಯ ಮಲೆನಾಡು ಮನೆಗಳು ಈ ವಿಷಯದಲ್ಲಿ ನಮ್ಮ ಕಡೆಗಿವೆ. ದಪ್ಪ ಮಣ್ಣಿನ ಗೋಡೆ ಹೊರಗಿನ ಸದ್ದನ್ನು ತಡೆಯುತ್ತದೆ, ಮರದ ಹಲಗೆಯ ಮುಚ್ಚಿಗೆ ಕಾಂಕ್ರೀಟಿನಂತೆ ಸದ್ದನ್ನು ಇಡಿಯಾಗಿ ತಿರುಗಿ ಎಸೆಯುವುದಿಲ್ಲ, ಕಂಬಗಳು ಅದನ್ನು ಚೂರುಚೂರಾಗಿ ಚದುರಿಸುತ್ತವೆ. ತೊಂದರೆ ಕೊಡುವುದು ನುಣುಪಾದ ಕೆಂಪು ನೆಲ. ಅದಕ್ಕೆ ವಾದಕರ ಕಾಲಡಿಯಲ್ಲಿ ಎರಡು ಜಮಖಾನೆ ಹಾಸಿದರೆ ಸಾಕು. ಗೋಡೆಯ ನಡುಕಕ್ಕೆ ಅಂಗಡಿಯಿಂದ ಫೋಮ್ ತಂದು ಅಂಟಿಸುವ ಅಗತ್ಯವಿಲ್ಲ, ತೆಳುವಾದ ಫೋಮ್ ಮೇಲಿನ ಸ್ವರಗಳನ್ನಷ್ಟೇ ಹೀರಿ ಕೋಣೆಯನ್ನು ಮಂಕಾಗಿಸುತ್ತದೆ. ನಾವು ಒಂದು ಗೋಡೆಯುದ್ದಕ್ಕೂ ಅಡಿಕೆ ತುಂಬಿದ ಗೋಣಿಚೀಲಗಳನ್ನು ಎದೆಯೆತ್ತರಕ್ಕೆ ಏರುಪೇರಾಗಿ ಒಟ್ಟಿದೆವು, ಎದುರು ಗೋಡೆಗೆ ಕಂಬಳಿಗಳನ್ನು ಗೋಡೆಯಿಂದ ಒಂದು ಗೇಣು ದೂರ ಬಿಟ್ಟು ಹಗ್ಗಕ್ಕೆ ಇಳಿಬಿಟ್ಟೆವು. ಗೋಡೆಗೆ ಒತ್ತಿ ಹಾಕಿದ ಕಂಬಳಿಗಿಂತ ಹೀಗೆ ದೂರ ಬಿಟ್ಟ ಕಂಬಳಿ ಇನ್ನಷ್ಟು ಕೆಳಗಿನ ಸ್ವರಗಳವರೆಗೆ ಕೆಲಸ ಮಾಡುತ್ತದೆ.

ಚೆಲ್ಲೊ ಇರುವ ತಂಡಕ್ಕೆ ಇನ್ನೊಂದು ಪರೀಕ್ಷೆ ಬಾಕಿಯಿದೆ, ಇದನ್ನು ಬಿಟ್ಟರೆ ಆಮೇಲೆ ಪಶ್ಚಾತ್ತಾಪ ಪಡಬೇಕಾಗುತ್ತದೆ. ಯಾವ ಕೋಣೆಗಾದರೂ ಅದರ ಅಳತೆಗೆ ತಕ್ಕ ಕೆಲವು ಸ್ವರಗಳಿರುತ್ತವೆ. ಆ ಸ್ವರ ನುಡಿದಾಗ ಕೋಣೆಯೂ ಜೊತೆಗೆ ಗುಮ್ಮೆನ್ನುತ್ತದೆ. ಲೆಕ್ಕ ಸುಲಭ: ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅದನ್ನು ಕೋಣೆಯ ಅಗಲದ ಎರಡರಷ್ಟರಿಂದ ಭಾಗಿಸಿದರೆ ಆ ದಿಕ್ಕಿನ ಮೊದಲ ಗುಮ್ಮು ಯಾವ ಕಂಪನದಲ್ಲಿದೆ ಎಂದು ತಿಳಿಯುತ್ತದೆ. ಅಗಲ 2.6 ಮೀಟರ್ ಇದ್ದರೆ ಉತ್ತರ ಸುಮಾರು 66 ಹರ್ಟ್ಸ್. ಚೆಲ್ಲೊದ ಅತಿ ಕೆಳಗಿನ ತಂತಿಯ ಕಂಪನ 65.4 ಹರ್ಟ್ಸ್. ನಾವು ಮೊದಲು ಇಷ್ಟಪಟ್ಟಿದ್ದ ಮಾಳಿಗೆಯ ಕೋಣೆಯ ಅಗಲ ಹೆಚ್ಚುಕಡಿಮೆ ಅಷ್ಟೇ ಇತ್ತು, ಅಲ್ಲಿ ಆ ತಂತಿ ಮುಟ್ಟಿದಾಗಲೆಲ್ಲ ಕಿಟಕಿಯ ಗಾಜು ಅಲುಗುತ್ತಿತ್ತು, ಒಂದು ಸ್ವರ ಮೇಲೆ ಹೋದರೆ ಅದೇ ಚೆಲ್ಲೊ ಸೊರಗಿದಂತೆ ಕೇಳುತ್ತಿತ್ತು. ಅಲ್ಲಿಂದ ಕೆಳಗಿನ ನಡುಮನೆಗೆ ಇಳಿದದ್ದೇ ನಮ್ಮ ಆಲ್ಬಂನ ಅತ್ಯಂತ ಮುಖ್ಯ ತೀರ್ಮಾನ ಎಂದು ಈಗಲೂ ಅನ್ನಿಸುತ್ತದೆ. ನೀವೂ ಚೆಲ್ಲೊದವರನ್ನು ಕೂರಿಸಿ, ಕೆಳಗಿನ ತಂತಿಯಿಂದ ಒಂದೊಂದೇ ಸ್ವರವನ್ನು ಒಂದೇ ಬಲದಲ್ಲಿ ನುಡಿಸಲು ಹೇಳಿ. ಯಾವುದಾದರೂ ಒಂದು ಸ್ವರ ಎದ್ದು ಕುಣಿದರೆ ಕುರ್ಚಿಯನ್ನು ಎರಡು ಅಡಿ ಸರಿಸಿ ನೋಡಿ, ಆಗಲೂ ಕುಣಿದರೆ ಕೋಣೆಯನ್ನೇ ಬಿಡಿ.

ವಾದ್ಯಗಳ ವಿಷಯಕ್ಕೆ ಬಂದರೆ, ಮರದ ತಂತಿವಾದ್ಯಗಳಿಗೆ ಹಿತವಾದ ತೇವಾಂಶ ಸುಮಾರು 40ರಿಂದ 60 ಪ್ರತಿಶತ. ಮಳೆಗಾಲವನ್ನು ಪೆಟ್ಟಿಗೆಯಲ್ಲಿ ಕಳೆದ ಪಿಟೀಲಿನ ಅಂಚಿನ ಅಂಟು ಬಿಟ್ಟಿರಬಹುದು; ಬೆರಳ ಗೆಣ್ಣಿನಿಂದ ಅಂಚಿನ ಸುತ್ತ ಮೆಲ್ಲಗೆ ತಟ್ಟುತ್ತ ಹೋದರೆ ಬಿಟ್ಟ ಕಡೆ ಸದ್ದು ಒಡಕಾಗಿ ಕೇಳುತ್ತದೆ. ಇದನ್ನು ಮುದ್ರಣಕ್ಕೆ ಒಂದು ತಿಂಗಳ ಮೊದಲೇ ನೋಡಿಕೊಳ್ಳಿ, ಏಕೆಂದರೆ ಚೆಲ್ಲೊ ದುರಸ್ತಿ ಮಾಡುವವರು ನಮ್ಮ ಸೀಮೆಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಹೊಸ ತಂತಿಯನ್ನು ಹಿಂದಿನ ದಿನ ಹಾಕಬೇಡಿ, ವಾರದ ಮೊದಲು ಹಾಕಿ ಹಿಗ್ಗಿಸಿ ನಿಲ್ಲಿಸಿ. ಮಲೆನಾಡಿನ ಫೆಬ್ರವರಿಯಲ್ಲಿ ಹಗಲಿನ ಬಿಸಿಲಿಗೂ ನಡುರಾತ್ರಿಯ ಚಳಿಗೂ ಬಹಳ ಅಂತರವಿರುವುದರಿಂದ, ಸಂಜೆಯೇ ವಾದ್ಯಗಳನ್ನು ಪೆಟ್ಟಿಗೆಯಿಂದ ತೆಗೆದು ಆ ಕೋಣೆಯಲ್ಲೇ ಎರಡು ಗಂಟೆ ಇಡಬೇಕು. ಮೃದಂಗದ ಬಲಬದಿಯ ಚರ್ಮವಂತೂ ಚಳಿ ಏರಿದಂತೆ ಶ್ರುತಿ ಬದಲಿಸುತ್ತದೆ, ಅದಕ್ಕೆ ಪ್ರತಿ ಟೇಕ್‌ಗೂ (ಒಂದು ಸಲದ ಮುದ್ರಣಕ್ಕೂ) ಮುನ್ನ ಕಲ್ಲು ಹಿಡಿದು ಸರಿಪಡಿಸಿಕೊಳ್ಳುವ ತಾಳ್ಮೆ ಬೇಕು.

ಶ್ರುತಿಯ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳಿ. ಹಾರ್ಮೋನಿಯಂನ ಶ್ರುತಿಯನ್ನು ಕುಳಿತಲ್ಲೇ ಬದಲಿಸಲಾಗದ ಕಾರಣ ಅದೇ ಯಜಮಾನ, ಉಳಿದವರೆಲ್ಲ ಅದಕ್ಕೆ ಸೇರಬೇಕು. ನಮ್ಮ ಪಿಟೀಲಿನಾತ ಕರ್ನಾಟಕ ಸಂಗೀತದ ಸ-ಪ-ಸ-ಪ ಕ್ರಮದವನು, ಚೆಲ್ಲೊದ ತಂತಿಗಳು ಪಾಶ್ಚಾತ್ಯ ಕ್ರಮದ ಸಿ, ಜಿ, ಡಿ, ಎ. ಷಡ್ಜವನ್ನು ಹಾರ್ಮೋನಿಯಂನ ಬಿಳಿ ಎರಡಕ್ಕೆ, ಅಂದರೆ ಡಿ ಸ್ವರಕ್ಕೆ, ಇಟ್ಟುಕೊಂಡಾಗ ಪಿಟೀಲಿನ ಸ ಮತ್ತು ಪ ಚೆಲ್ಲೊದ ಮೇಲಿನೆರಡು ತಂತಿಗಳೊಡನೆ ತಾವಾಗಿ ಬೆಸೆದುಕೊಂಡವು. ಆದರೂ ಒಂದು ಜಗಳ ಉಳಿಯುತ್ತದೆ: ಹಾರ್ಮೋನಿಯಂನ ಅಂತರ ಗಾಂಧಾರ, ಕಿವಿಗೆ ಶುದ್ಧವಾಗಿ ಕೇಳುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ, ಅಂದರೆ ಅರ್ಧಸ್ವರದ ಏಳನೆಯ ಒಂದು ಭಾಗದಷ್ಟು. ಪಿಟೀಲು ಆ ಸ್ವರದಲ್ಲಿ ದೀರ್ಘವಾಗಿ ನಿಲ್ಲುವ ಕಡೆಗಳಲ್ಲಿ ಹಾರ್ಮೋನಿಯಂನವರು ಗಾಂಧಾರವನ್ನು ಬಿಟ್ಟು ಸ ಮತ್ತು ಪ ಮಾತ್ರ ಹಿಡಿದರೆ ಜಗಳ ತೀರುತ್ತದೆ. ಇದನ್ನು ತಾಲೀಮಿನಲ್ಲೇ ಗುರುತು ಮಾಡಿಕೊಳ್ಳಿ.

ಮೈಕ್‌ಗಳು ಎಷ್ಟು ಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ: ಒಂದೇ ಬಗೆಯ ಎರಡು ಸಣ್ಣ ಕಂಡೆನ್ಸರ್ ಮೈಕ್, 48 ವೋಲ್ಟ್‌ನ ಫ್ಯಾಂಟಮ್ ಪವರ್ (ಮೈಕ್‌ಗೆ ಅದರ ತಂತಿಯಲ್ಲೇ ಹರಿಯುವ ವಿದ್ಯುತ್ತು) ಕೊಡುವ ಒಂದು ರೆಕಾರ್ಡರ್, ಇಷ್ಟೇ. ಫ್ರೆಂಚ್ ರೇಡಿಯೊದವರು ರೂಪಿಸಿದ ಓಆರ್‌ಟಿಎಫ್ ಎಂಬ ಜೋಡಣೆಯಲ್ಲಿ ಎರಡು ಮೈಕ್‌ಗಳ ತಲೆಗಳ ನಡುವೆ 17 ಸೆಂಟಿಮೀಟರ್ ಅಂತರವಿಟ್ಟು, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ತಿರುಗಿಸಿ, ನಡುವಿನ ಕೋನ 110 ಡಿಗ್ರಿ ಬರುವಂತೆ ಒಂದೇ ಸ್ಟ್ಯಾಂಡಿಗೆ ಕಟ್ಟುತ್ತಾರೆ. ಈ ಅಂತರ ನಮ್ಮ ಎರಡು ಕಿವಿಗಳ ನಡುವಿನ ಅಂತರಕ್ಕೆ ಹತ್ತಿರವಾದದ್ದರಿಂದ ಹೆಡ್‌ಫೋನಿನಲ್ಲಿ ಕೇಳುವವರಿಗೆ ತಾವೇ ಆ ನಡುಮನೆಯಲ್ಲಿ ಕುಳಿತಂತೆ ಭಾಸವಾಗುತ್ತದೆ. ವಾದಕರು ಅರ್ಧಚಂದ್ರಾಕಾರವಾಗಿ ಕೂರಲಿ, ಮೈಕ್ ಅವರಿಂದ ಆರೇಳು ಅಡಿ ದೂರದಲ್ಲಿ, ನಿಂತವರ ತಲೆಗಿಂತ ತುಸು ಮೇಲಿರಲಿ. ಮೃದಂಗದ ಸದ್ದು ದೊಡ್ಡದೆನಿಸಿದರೆ ಮೈಕ್ ಮುಟ್ಟಬೇಡಿ, ಮೃದಂಗವನ್ನು ಹಿಂದೆ ಸರಿಸಿ. ಚೆಲ್ಲೊ ಕೇಳದಿದ್ದರೆ ಕುರ್ಚಿಯನ್ನು ಮುಂದೆ ತನ್ನಿ. ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಿದರಾಯಿತು ಎಂಬ ಯೋಚನೆ ಈ ಪದ್ಧತಿಯಲ್ಲಿ ನಡೆಯುವುದಿಲ್ಲ, ಎಲ್ಲವೂ ಎರಡೇ ಮೈಕ್‌ನಲ್ಲಿ ಬೆರೆತುಬಿಟ್ಟಿರುತ್ತದೆ. ಆದ್ದರಿಂದ ಮೊದಲ ರಾತ್ರಿಯನ್ನು ಇಡಿಯಾಗಿ ಕುರ್ಚಿ ಸರಿಸುವುದಕ್ಕೆ, ಎರಡೆರಡು ನಿಮಿಷ ನುಡಿಸಿ ಕೇಳುವುದಕ್ಕೆ ಮೀಸಲಿಡಿ. ಅದು ವ್ಯರ್ಥವಾದ ರಾತ್ರಿಯಲ್ಲ.

ರೆಕಾರ್ಡರಿನ ಮುದ್ರಣದ ಸೂಕ್ಷ್ಮತೆಯನ್ನು 24 ಬಿಟ್‌ಗೆ ಇಟ್ಟು, ಅತಿ ಜೋರಾದ ಭಾಗ ನುಡಿಸಿದಾಗಲೂ ಮೀಟರ್ ಮೈನಸ್ 10 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಹಳೆಯ ಟೇಪಿನ ಕಾಲದಂತೆ ಮುಳ್ಳನ್ನು ಕೆಂಪಿನವರೆಗೆ ತರುವ ಅಭ್ಯಾಸ ಇಲ್ಲಿ ಹಾನಿಕರ. 24 ಬಿಟ್‌ನಲ್ಲಿ ಕೆಳಗೆ ಬೇಕಾದಷ್ಟು ಜಾಗವಿದೆ, ಮೇಲೆ ಮಾತ್ರ ಇಲ್ಲ.

ವಿದ್ಯುತ್ತಿನದು ಬೇರೆಯೇ ಕಥೆ. ಕರೆಂಟ್ ಹೋಗುವುದಕ್ಕಿಂತ ಹೋದ ಮೇಲೆ ಬರುವ ಇನ್ವರ್ಟರಿನ ಗುಂಯ್‌ಗುಡುವಿಕೆ ಹೆಚ್ಚು ಕಾಡುತ್ತದೆ, ಚಾರ್ಜರ್ ಸಿಕ್ಕಿಸಿದ ಲ್ಯಾಪ್‌ಟಾಪಿನಿಂದಲೂ ಅಂಥದೇ ಗುನುಗು ಮುದ್ರಣಕ್ಕೆ ಇಳಿಯುತ್ತದೆ. ನಾವು ಮನೆಯವರ ಒಪ್ಪಿಗೆ ಪಡೆದು ಮೇನ್ ಸ್ವಿಚ್ಚನ್ನೇ ಇಳಿಸಿ, ಬ್ಯಾಟರಿಯಲ್ಲಿ ನಡೆಯುವ ರೆಕಾರ್ಡರಿನಲ್ಲಿ, ಬ್ಯಾಟರಿ ದೀಪದ ಬೆಳಕಿನಲ್ಲಿ ಮುದ್ರಿಸಿದೆವು. ಫ್ರಿಜ್ ನಿಂತ ಕ್ಷಣ ಕೋಣೆ ಎಷ್ಟು ಆಳವಾಯಿತೆಂದರೆ, ಅಲ್ಲಿಯವರೆಗೆ ಯಾರ ಗಮನಕ್ಕೂ ಬಾರದಿದ್ದ ಗೋಡೆ ಗಡಿಯಾರ ಕೇಳತೊಡಗಿತು. ಅದನ್ನು ಇಳಿಸಿ ಹಾಸಿಗೆಯ ಸುರುಳಿಯೊಳಗೆ ಇಟ್ಟೆವು. ಫೋನ್‌ಗಳನ್ನು ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟರೆ ಸಾಲದು, ಪಕ್ಕದ ಕೋಣೆಯಲ್ಲಿಡಿ. ನಾಯಿಯಿರುವ ಮನೆಯಾದರೆ ನಾಯಿಗೆ ಬೇಗ ಊಟ ಹಾಕಿಸಿ, ಕೊಟ್ಟಿಗೆಯ ಗಂಟೆಗಳನ್ನು ಬಿಚ್ಚಿಸಿ.

ಪ್ರತಿ ಟೇಕ್‌ಗೆ ಮುನ್ನ ರಚನೆಯ ಹೆಸರನ್ನೂ ಟೇಕ್ ಸಂಖ್ಯೆಯನ್ನೂ ಗಟ್ಟಿಯಾಗಿ ಹೇಳಿ, ನುಡಿಸದವರೊಬ್ಬರು ನೋಟ್‌ಬುಕ್ಕಿನಲ್ಲಿ ಸಮಯದೊಡನೆ ಬರೆದುಕೊಳ್ಳಲಿ. ಒಂದು ರಚನೆಯನ್ನು ಮೊದಲಿನಿಂದ ಕೊನೆಯವರೆಗೆ ಮೂರು ಸಲ ನುಡಿಸಿ; ನಾಲ್ಕನೆಯ ಸಲಕ್ಕೆ ಕೈ ಪಳಗಿದರೂ ಮನಸ್ಸು ದಣಿದಿರುತ್ತದೆ. ಕೊನೆಯ ಸ್ವರ ಪೂರ್ತಿ ಕರಗುವವರೆಗೆ ಯಾರೂ ಅಲುಗಬಾರದು, ಕಮಾನು ಇಳಿಸಬಾರದು, "ಚೆನ್ನಾಗ್ ಬಂತು" ಎನ್ನಬಾರದು. ಈ ಕೊನೆಯ ನಿಯಮವನ್ನು ಪಾಲಿಸುವುದು ಎಲ್ಲಕ್ಕಿಂತ ಕಷ್ಟ, ನಮ್ಮ ಅತ್ಯುತ್ತಮ ಟೇಕ್ ಒಂದು ಮೃದಂಗದವನ ತೃಪ್ತಿಯ ನಿಟ್ಟುಸಿರಿಗೆ ಬಲಿಯಾಗಿದೆ. ರಾತ್ರಿ ಮುಗಿಸುವ ಮುನ್ನ, ಎಲ್ಲರೂ ಅವರವರ ಜಾಗದಲ್ಲೇ ಕುಳಿತಿರುವಾಗ, ಕೋಣೆಯ ಒಂದು ನಿಮಿಷದ ಮೌನವನ್ನೂ ಮುದ್ರಿಸಿಕೊಳ್ಳಿ. ಸಂಕಲನದಲ್ಲಿ ಎರಡು ಟೇಕ್‌ಗಳ ನಡುವೆ ಬರಿದಾದ ಶೂನ್ಯ ಇಟ್ಟರೆ ಕಿವಿ ಎಡವುತ್ತದೆ, ಆ ಕೋಣೆಯದೇ ಮೌನ ಇಟ್ಟರೆ ಎಡವುವುದಿಲ್ಲ.

ಸಂಕಲನದಲ್ಲಿ ಕೈ ಬಿಗಿಹಿಡಿಯಿರಿ. ಒಂದು ಟೇಕ್‌ನ ಮೊದಲರ್ಧಕ್ಕೆ ಇನ್ನೊಂದರ ಉತ್ತರಾರ್ಧವನ್ನು, ಎಲ್ಲರೂ ನಿಲ್ಲುವ ಜಾಗ ನೋಡಿ ಜೋಡಿಸುವುದು ಸರಿ. ಸ್ವರ ಸ್ವರಕ್ಕೂ ಕತ್ತರಿ ಹಾಕುವುದು ಮತ್ತೆ ಸ್ಟುಡಿಯೋದ ಟಿಕ್ ಟಿಕ್‌ಗೆ ಮರಳಿದಂತೆ. ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುನ್ನ ಧ್ವನಿಯ ಕೊನೆಯ ಹದ, ಮಾಡುವವರಿಗೆ ದನಿಯನ್ನು ಹಿಂಡಿ ಜೋರು ಮಾಡಬೇಡಿ ಎಂದು ಸ್ಪಷ್ಟವಾಗಿ ಹೇಳಿ. ಸ್ಪಾಟಿಫೈನಂಥ ಸೇವೆಗಳು ಹಾಡುಗಳನ್ನೆಲ್ಲ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಎಂಬ ಮಟ್ಟಕ್ಕೆ ತಂದೇ ಕೇಳಿಸುವುದರಿಂದ, ಹಿಂಡಿ ಜೋರು ಮಾಡಿದ್ದನ್ನು ಅವು ತಾವೇ ತಗ್ಗಿಸುತ್ತವೆ, ನಿಮಗೆ ಉಳಿಯುವುದು ಹಿಂಡಿದ್ದರ ನಷ್ಟ ಮಾತ್ರ. ಸಿಡಿಯಲ್ಲಿ 74 ನಿಮಿಷಕ್ಕೂ ಜಾಗವಿದ್ದರೂ ಮೊದಲ ಆಲ್ಬಂ 40 ನಿಮಿಷ ಮೀರದಿರಲಿ. ಮುಂದೆ ಎಂದಾದರೂ ಎಲ್‌ಪಿ (ಗ್ರಾಮಫೋನ್ ತಟ್ಟೆ) ಮಾಡಿಸುವ ಆಸೆಯಿದ್ದರೆ, ಅದರ ಒಂದು ಮಗ್ಗುಲಿಗೆ ಚೆನ್ನಾಗಿ ಹಿಡಿಸುವುದು ಇಪ್ಪತ್ತು ಚಿಲ್ಲರೆ ನಿಮಿಷ. ತಟ್ಟೆಯ ನಡುವಿಗೆ ಹೋದಂತೆ ದನಿಯ ಸ್ಪಷ್ಟತೆ ತಗ್ಗುವುದರಿಂದ ಜೋರಾದ ರಚನೆ ಮೊದಲಿಗೂ ಮೆಲುವಾದದ್ದು ಕೊನೆಗೂ ಇರುವಂತೆ ಈಗಲೇ ಕ್ರಮ ಹಾಕಿದರೆ ಒಳಿತು.

ಹಕ್ಕಿನ ವಿಚಾರವನ್ನು ನಮ್ಮವರು ಸಂಕೋಚದಿಂದ ಮುಂದೂಡುತ್ತಾರೆ, ಆಮೇಲೆ ಸ್ನೇಹ ಕೆಡುತ್ತದೆ. ತೀರ್ಥಹಳ್ಳಿಯ ಸುತ್ತ ಕುಳಿತು ಸಂಗೀತ ಮಾಡುವವರಿಗೆ ಕುವೆಂಪು ಅವರ ಕವಿತೆಯೊಂದನ್ನು ಅಳವಡಿಸುವ ಆಸೆ ಬಾರದಿರುವುದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054ರ ಕೊನೆಯವರೆಗೆ ಹಕ್ಕುದಾರರ ಲಿಖಿತ ಅನುಮತಿ ಬೇಕು. ವಚನಗಳಿಗೆ, ದಾಸರ ಪದಗಳಿಗೆ ಆ ತೊಡಕಿಲ್ಲ, ಆದರೆ ಅವುಗಳಿಗೆ ಇತ್ತೀಚಿನ ಸಂಗೀತಗಾರರೊಬ್ಬರು ಹಾಕಿದ ಧಾಟಿಗೆ ಇದೆ. ಧಾಟಿ ನಿಮ್ಮದೇ ಇರಲಿ. ನಾಲ್ವರ ನಡುವೆಯೂ ಒಂದು ಪುಟದ ಬರಹ ಮಾಡಿಕೊಳ್ಳಿ: ಯಾವ ರಚನೆ ಯಾರದು, ನುಡಿಸಿದ್ದರ ಪಾಲು ಎಷ್ಟು, ತಂಡ ಬಿಟ್ಟವರಿಗೆ ಏನು, ತಂಡದ ಹೆಸರು ಯಾರ ಬಳಿ ಉಳಿಯುತ್ತದೆ. ಆಲ್ಬಂ ಹೊರಡಿಸುವಾಗ ಪ್ರತಿ ರಚನೆಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಬೇಕಾಗುತ್ತದೆ. ಅಂತರ್ಜಾಲದಲ್ಲಿ ಹಂಚುವ ಸಂಸ್ಥೆಗಳು ಸಾಮಾನ್ಯವಾಗಿ ಅದನ್ನು ತಾವೇ ಕೊಡುತ್ತವೆ, ಕೊಟ್ಟದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವುದು ನಿಮ್ಮ ಕೆಲಸ.

ಬಿಡುಗಡೆಗೆ ದೊಡ್ಡ ಸಭಾಂಗಣ ಹುಡುಕುವ ಮೊದಲು ಇನ್ನೊಂದು ಸಾಧ್ಯತೆಯನ್ನು ಯೋಚಿಸಿ. ಹೊಸಹಳ್ಳಿಯ ಗಮಕಿಗಳು ತುಂಗೆಯ ದಡದಲ್ಲಿ ಕಾವ್ಯ ವಾಚಿಸಿದಾಗಲೂ, ಹೆಗ್ಗೋಡಿನ ನೀನಾಸಂ ಅಂಗಳದಲ್ಲಿ ನಾಟಕವಾಡಿದಾಗಲೂ ಹತ್ತಿರ ಕುಳಿತು ಕೇಳಿ, ನೋಡಿ ಬೆಳೆದ ಪ್ರೇಕ್ಷಕರು ನಮ್ಮ ಜಿಲ್ಲೆಯಲ್ಲಿದ್ದಾರೆ. ಧ್ವನಿವರ್ಧಕವಿಲ್ಲದೆ ಮೂವತ್ತು ಜನರಿಗೆ ಒಂದು ಜಗುಲಿಯಲ್ಲಿ ನುಡಿಸುವುದು ಈ ಸಂಗೀತಕ್ಕೆ ಒಗ್ಗುತ್ತದೆ. ಸಾವಿರ ಆಸನದ ಮಂದಿರದಲ್ಲಿ ಮೈಕ್ ಕಟ್ಟಿದರೆ ಚೆಲ್ಲೊ ಬೇರೆಯೇ ವಾದ್ಯವಾಗಿಬಿಡುತ್ತದೆ.

ಮೂಲ ಕಡತಗಳನ್ನು ಎರಡು ಹಾರ್ಡ್ ಡಿಸ್ಕ್‌ಗಳಿಗೆ ಇಳಿಸಿ, ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದು ಅವುಗಳ ಜೊತೆಗೇ ಸೇರಿಸಿ. ಒಂದು ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಮನೆಯಲ್ಲೇ ಇಡಿ, ಇನ್ನೊಂದನ್ನು ಮೊದಲ ಮಳೆಗೆ ಮುಂಚೆ ಬಯಲುಸೀಮೆಯ ನೆಂಟರ ಮನೆಗೆ ತಲುಪಿಸಿ.